ಪಾವಗಡದಲ್ಲಿ ಕುರ್ಚಿ, ತುಮಕೂರಿನಲ್ಲಿ ಮನೆ

"ಕೆಲಸ ಆಗ್ತಿದೆಯಲ್ಲ, ಅಧಿಕಾರಿ ರಾತ್ರಿ ಎಲ್ಲಿ ಮಲಗಿದರೆ ನಿಮಗೇನು?" ಪಾವಗಡದಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಬರುವ ಮರುಪ್ರಶ್ನೆ ಇದು. ಅಧಿಕಾರಿಗಳು ಮಾತ್ರ ಹೀಗೆ ಕೇಳುತ್ತಿದ್ದರೆ ಉತ್ತರ ಕೊಡುವ ಅಗತ್ಯ ಅಷ್ಟಾಗಿ ಇರಲಿಲ್ಲ. ತಮ್ಮ ಅನುಕೂಲವನ್ನು ಸಮರ್ಥಿಸಿಕೊಳ್ಳುವುದು ಮನುಷ್ಯಸಹಜ. ಆದರೆ ಓದಿದವರು, ಪಕ್ಷಗಳ ಮುಖಂಡರು, ಮೇಷ್ಟ್ರುಗಳು, ಕಚೇರಿ ಬಾಗಿಲಲ್ಲಿ ಕಾದು ಕಾಲು ನೋಯಿಸಿಕೊಂಡವರು ಕೂಡ ಇದನ್ನೇ ಹೇಳುತ್ತಾರೆ. "ಪಾಪ, ಅವರಿಗೂ ಸಂಸಾರ ಇದೆ. ಈ ಊರಲ್ಲಿ ಏನಿದೆ ಅಂತ ಇರಬೇಕು?" ಎಂದು ಊರಿನವರೇ ತಮ್ಮ ಊರಿನ ಮೇಲೆ ತೀರ್ಪು ಕೊಟ್ಟುಬಿಡುತ್ತಾರೆ. ನಾನು ಬರೆಯುತ್ತಿರುವುದು ಈ ಒಪ್ಪಿಗೆಯ ವಿರುದ್ಧ. ತಾನು ಆಡಳಿತ ನಡೆಸುವ ಊರಿನ ನೀರು ಕುಡಿಯದೆ, ಅಲ್ಲಿನ ಬಸ್ಸು ಹತ್ತದೆ, ಅಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸದೆ ಒಬ್ಬ ಅಧಿಕಾರಿ ತನ್ನ ಕಚೇರಿಗೆ ನಾಯಕನಾಗಿರಬಲ್ಲ ಎಂಬ ನಂಬಿಕೆ ತಪ್ಪು. ಈ ತಾಲ್ಲೂಕಿನ ಇವತ್ತಿನ ಸ್ಥಿತಿಯಲ್ಲಿ ಬರಗಾಲದ ಪಾಲು ಇರುವಂತೆ ಈ ನಂಬಿಕೆಯ ಪಾಲೂ ಇದೆ.

ಮಧುಗಿರಿ ಉಪವಿಭಾಗದಲ್ಲಿ ನಾಲ್ಕು ತಾಲ್ಲೂಕುಗಳು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಮೊದಲ ಮೂರಕ್ಕೆ ತುಮಕೂರು ಹತ್ತಿರ. ಪಾವಗಡ ಹಾಗಲ್ಲ. ಬಹುಪಾಲು ಸುತ್ತಲೂ ಆಂಧ್ರ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲೇ ಒಂದಿಷ್ಟು ಆಂಧ್ರದ ನೆಲ ದಾಟಬೇಕು. ಜಿಲ್ಲಾ ಕೇಂದ್ರ ನೂರು ಕಿಲೋಮೀಟರ್ ಆಸುಪಾಸು. ಮನೆಮಾತು ಅರ್ಧಕ್ಕರ್ಧ ತೆಲುಗು. ಮಳೆ ಕಡಿಮೆ, ಬೆಳೆ ಎಂದರೆ ಕಡಲೆಕಾಯಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಈ ತಾಲ್ಲೂಕನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಇಂಥ ಊರಿಗೆ ವರ್ಗವಾದರೆ ನೌಕರರ ನಡುವೆ ಅದಕ್ಕಿರುವ ಹೆಸರು ಎತ್ತಂಗಡಿ. ಬಂದವರು ಡ್ಯೂಟಿ ರಿಪೋರ್ಟ್ ಮಾಡಿಕೊಂಡ ದಿನದಿಂದಲೇ ವಾಪಸು ಹೋಗುವ ದಾರಿ ಹುಡುಕುತ್ತಾರೆ. ಅಲ್ಲಿಯವರೆಗೆ ಮನೆ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತದೆ, ಕುರ್ಚಿ ಮಾತ್ರ ಇಲ್ಲಿರುತ್ತದೆ. ಇಲ್ಲೇ ಬಾಡಿಗೆ ಮನೆ ಹಿಡಿದು, ವರ್ಷಗಟ್ಟಲೆ ಇದ್ದು, ಹೋಗುವಾಗ ಜನರ ಕಣ್ಣಲ್ಲಿ ನೀರು ತರಿಸಿದ ಅಧಿಕಾರಿಗಳೂ ಇದ್ದಾರೆ. ಊರು ಅವರನ್ನು ಇಂದಿಗೂ ಹೆಸರು ಹಿಡಿದು ನೆನೆಯುತ್ತದೆ ಎಂಬುದೇ ಅಂಥವರು ಎಷ್ಟು ಕಡಿಮೆ ಎಂಬುದಕ್ಕೆ ಸಾಕ್ಷಿ.

ಸರ್ಕಾರಿ ನೌಕರ ಕೇಂದ್ರ ಸ್ಥಾನದಲ್ಲೇ ವಾಸಿಸಬೇಕು, ಅನುಮತಿ ಇಲ್ಲದೆ ಬಿಟ್ಟು ಹೋಗಬಾರದು ಎಂಬ ನಿಯಮ ಹೊಸದಲ್ಲ. ಅದನ್ನು ನೆನಪಿಸುವ ಸುತ್ತೋಲೆಗಳು ಮತ್ತೆ ಮತ್ತೆ ಬರುತ್ತಲೇ ಇವೆ. ಒಂದೇ ನಿಯಮಕ್ಕೆ ಇಷ್ಟು ಸುತ್ತೋಲೆ ಬೇಕಾಗಿರುವುದೇಕೆ ಎಂದು ಯೋಚಿಸಿದರೆ ಸಾಕು: ಸುತ್ತೋಲೆಗೆ ಸಹಿ ಹಾಕುವವರಿಗೂ, ಅದನ್ನು ಓದುವವರಿಗೂ ಅದು ತಮ್ಮ ಕೆಳಗಿನವರಿಗೆ ಎಂದೇ ಗೊತ್ತು. ಪ್ರತಿ ಕಚೇರಿಯಲ್ಲಿ ಚಲನವಲನ ವಹಿ ಎಂಬ ಪುಸ್ತಕ ಇರುತ್ತದೆ. ಗುಮಾಸ್ತ ಬ್ಯಾಂಕಿಗೆ ಹೋದರೂ ಅದರಲ್ಲಿ ಬರೆದು ಹೋಗಬೇಕು. ಆ ಪುಸ್ತಕದಲ್ಲಿ ಕಚೇರಿಯ ಮುಖ್ಯಸ್ಥರ ಹೆಸರು ಎಷ್ಟು ಸಲ ಬಂದಿದೆ ಎಂದು ಯಾರಾದರೂ ತೆಗೆದು ನೋಡಲಿ.

ಈ ನಿಯಮವನ್ನು ರಾಜ್ಯ ಯಾರ ಮೇಲೆ ಕಟ್ಟುನಿಟ್ಟಾಗಿ ಹೇರಿದೆ ಎಂಬುದನ್ನು ನೋಡಿ. ಆಶಾ ಕಾರ್ಯಕರ್ತೆ ಅದೇ ಊರಿನ ನಿವಾಸಿಯಾಗಿರಬೇಕು. ಅದು ಅವಳ ಆಯ್ಕೆಯ ಷರತ್ತು. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ ಸ್ಥಳೀಯರೇ ಆಗಿರಬೇಕು. ವಾಸಸ್ಥಳದ ದೃಢೀಕರಣ ಇಲ್ಲದೆ ಅರ್ಜಿಯೇ ಮುಂದೆ ಹೋಗುವುದಿಲ್ಲ. ಪಂಚಾಯಿತಿಯ ವಾಟರ್‌ಮನ್ ಊರಲ್ಲೇ ಇರುತ್ತಾನೆ, ಇರಲೇಬೇಕು. ಕರೆಂಟ್ ಬಂದಾಗ, ಅದು ನಡುರಾತ್ರಿ ಬಂದರೂ, ಎದ್ದು ಹೋಗಿ ಮೋಟರ್ ಹಾಕಬೇಕು. ಆರೋಗ್ಯ ಇಲಾಖೆಯ ಇಡೀ ಏಣಿಯಲ್ಲಿ ಅತಿ ಕಡಿಮೆ ದುಡ್ಡು ಸಿಗುವ ಹೆಣ್ಣುಮಗಳು ಊರಲ್ಲಿರಬೇಕೆಂಬುದು ಷರತ್ತು, ಅತಿ ಹೆಚ್ಚು ಸಂಬಳದವರು ಇರಬೇಕೆಂಬುದು ಬರೀ ವಿನಂತಿ. ಈ ಆಶಾ ಕಾರ್ಯಕರ್ತೆಯರು ತಿಂಗಳಿಗೆ 10,000 ರೂಪಾಯಿ ಖಾತ್ರಿ ಮಾಡಿಸಿಕೊಳ್ಳಲು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. "ಎಲ್ಲಿದ್ದರೇನು, ಕೆಲಸ ಆದರೆ ಸಾಕು" ಎಂಬ ಮಾತು ನಿಜವೇ ಆಗಿದ್ದರೆ ಅದು ಅವರಿಗೂ ಅನ್ವಯಿಸಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದಾಗ ಮನೆ ಬಾಗಿಲು ತಟ್ಟಲು ಒಬ್ಬರು ಹತ್ತಿರದಲ್ಲಿ ಇರಲೇಬೇಕು ಎಂದು ಗೊತ್ತಿದ್ದೇ ಸರ್ಕಾರ ಆ ಷರತ್ತು ಹಾಕಿದೆ. ಹತ್ತಿರ ಇರುವುದರ ಬೆಲೆ ಸರ್ಕಾರಕ್ಕೆ ಚೆನ್ನಾಗಿ ಗೊತ್ತು ಎಂದಾಯಿತು.

ಪಾವಗಡದ ಒಂದು ಕಚೇರಿ. ಯಾವ ಇಲಾಖೆ ಎಂದು ಹೇಳುವುದಿಲ್ಲ, ಅದರಿಂದ ಏನೂ ಬದಲಾಗದು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುತ್ತಾರೆ. ಹನ್ನೊಂದೂಕಾಲಿಗೆ ಜೀಪು ಬರುತ್ತದೆ. ಡ್ರೈವರ್ ಇಳಿದು ಮೊದಲು ಊಟದ ಬ್ಯಾಗು, ಆಮೇಲೆ ಡಿಕ್ಕಿಯಿಂದ ನೀರಿನ ಕ್ಯಾನು ಇಳಿಸುತ್ತಾನೆ. ಸಾಹೇಬರ ಕೋಣೆಗೆ ಹೋಗುವ ನೀರು ತುಮಕೂರಿನಿಂದ ಬಂದಿದೆ. ಹೊರಗೆ ಬೆಂಚಿನ ಮೇಲೆ ನಾಗಲಮಡಿಕೆ ಕಡೆಯಿಂದ ಬಂದ ಮುದುಕಿ ಒಂದು ಸಹಿಗಾಗಿ ಕೂತಿದ್ದಾಳೆ. ಸಹಿ ಮಾಡಬೇಕಾದ ಹಾಳೆ ಮೂರು ದಿನದಿಂದ ಮೇಜಿನ ಮೇಲೇ ಇದೆ. ಮಧ್ಯಾಹ್ನದ ಹೊತ್ತಿಗೆ ಜಿಲ್ಲಾ ಕೇಂದ್ರದಿಂದ ಫೋನು ಬರುತ್ತದೆ; ಸಂಜೆ ಅಲ್ಲಿ ಸಭೆ. ಹೇಗೂ ಮನೆ ಅಲ್ಲೇ ಇರುವುದರಿಂದ ಎರಡೂವರೆಗೆಲ್ಲ ಜೀಪು ಹೊರಡುತ್ತದೆ. "ಸಾಹೇಬ್ರು ಮೀಟಿಂಗಿಗೆ ಹೋದ್ರು ಕಣಜ್ಜಿ, ನಾಳಿಕ್ ಬಾ" ಎನ್ನುತ್ತಾನೆ ಅಟೆಂಡರ್. ಅವನು ಕೆಟ್ಟವನಲ್ಲ. ಅವಳ ಕೈಗೆ ಬಸ್ ಚಾರ್ಜಿಗೆ ಹತ್ತು ರೂಪಾಯಿ ಕೊಟ್ಟಿದ್ದನ್ನೂ ನೋಡಿದ್ದೇನೆ. ಆದರೆ ಜೀಪಿನ ಧೂಳು ಕೂರುವ ಮೊದಲೇ ಸೂಪರಿಂಟೆಂಡೆಂಟರ ಕುರ್ಚಿ ಖಾಲಿಯಾಯಿತು. ಅವರು ಮಧುಗಿರಿ ಬಸ್ಸಿಗೆ ಹೊರಟರು. ಅದಾದ ಮೇಲೆ ಎಫ್‌ಡಿಎ, ಅದಾದ ಮೇಲೆ ಎಸ್‌ಡಿಎ. ನಾಲ್ಕಕ್ಕೆ ಕಚೇರಿಯಲ್ಲಿ ಉಳಿದವರು ಅಟೆಂಡರ್ ಮತ್ತು ಫ್ಯಾನು.

ಮಾದರಿ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮ್ಯಾನೇಜ್‌ಮೆಂಟ್ ಪುಸ್ತಕ ಬೇಡ, ಆ ಒಂದೂವರೆ ಗಂಟೆ ಸಾಕು. ಮುಖ್ಯಸ್ಥರು ಯಾರಿಗೂ "ನೀವೂ ಹೊರಡಿ" ಎಂದು ಹೇಳಿರಲಿಲ್ಲ. ಬಯೋಮೆಟ್ರಿಕ್ ಯಂತ್ರ ಗೋಡೆ ಮೇಲೆ ಇತ್ತು. ಶಿಸ್ತಿನ ಬಗ್ಗೆ ಹಿಂದಿನ ವಾರವಷ್ಟೇ ಮೆಮೊ ಹೋಗಿತ್ತು. ಆದರೂ ಇಡೀ ಕಚೇರಿ ತನ್ನ ಮುಖ್ಯಸ್ಥರ ಮಾತನ್ನು ಬಿಟ್ಟು ಅವರ ಜೀಪನ್ನು ಅನುಸರಿಸಿತು. ತಡವಾಗಿ ಬಂದ ಗುಮಾಸ್ತನಿಗೆ ನೋಟಿಸ್ ಕೊಡುವ ನೈತಿಕ ಬಲ ಹನ್ನೊಂದೂಕಾಲಿಗೆ ಬರುವವರಿಗೆ ಇರುವುದಿಲ್ಲ. ಕೊಟ್ಟರೂ ಗುಮಾಸ್ತ ಅದನ್ನು ಅವಮಾನವೆಂದು ತಿಳಿಯುತ್ತಾನೆಯೇ ಹೊರತು ತಿದ್ದುಪಡಿ ಎಂದಲ್ಲ. ಹಾಗಾಗಿ ಮುಖ್ಯಸ್ಥರು ನೋಟಿಸ್ ಕೊಡುವುದನ್ನೇ ಬಿಡುತ್ತಾರೆ. ಇಬ್ಬರ ನಡುವೆ ಬಾಯಿಬಿಟ್ಟು ಹೇಳದ ಒಂದು ರಾಜಿ ಆಗುತ್ತದೆ. ಆ ರಾಜಿಯ ಖರ್ಚು ಬೆಂಚಿನ ಮೇಲೆ ಕೂತವರ ಲೆಕ್ಕಕ್ಕೆ.

ಈಗ ವಾದಗಳಿಗೆ ಬರುತ್ತೇನೆ.

ಮೊದಲನೆಯದು ತಂತ್ರಜ್ಞಾನದ ವಾದ. ಇ-ಆಫೀಸ್ ಇದೆ, ವಿಡಿಯೊ ಕಾನ್ಫರೆನ್ಸ್ ಇದೆ, ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೊ ಬರುತ್ತದೆ, ಇನ್ನು ಅಧಿಕಾರಿ ಎಲ್ಲಿದ್ದರೂ ಒಂದೇ ಎನ್ನುತ್ತಾರೆ. ಕಂಪ್ಯೂಟರಿನಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಭೂಮಿ ಯೋಜನೆ ಬಂದ ಮೇಲೆ ಪಹಣಿಗಾಗಿ ಶಾನುಭೋಗರ ವಾರಸುದಾರರ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಿತು. 2012ರಲ್ಲಿ ಜಾರಿಯಾದ ಸಕಾಲ ಪ್ರತಿ ಅರ್ಜಿಗೂ ಗಡುವು ಕೊಟ್ಟಿತು. ಆದರೆ ಸಕಾಲ ಲೆಕ್ಕ ಹಾಕುವುದು ಅರ್ಜಿ ಸ್ವೀಕಾರವಾದ ದಿನದಿಂದ. ಅರ್ಜಿ ತೆಗೆದುಕೊಳ್ಳುವ ಮೊದಲು ಎಷ್ಟು ಸಲ ವಾಪಸು ಕಳಿಸಿದರು ಎಂಬ ಲೆಕ್ಕ ಯಾವ ಪರದೆಯ ಮೇಲೂ ಮೂಡುವುದಿಲ್ಲ. ಪೋಡಿ ಆಗಬೇಕಾದರೆ ಯಾರೋ ಹೊಲದಲ್ಲಿ ಚೈನು ಎಳೆಯಬೇಕು. ಬತ್ತಿದ ಕೊಳವೆಬಾವಿಯ ಫೋಟೊ ಒಂದು ವರ್ಷ ಹಳೆಯದೋ ಇವತ್ತಿನದೋ ಎಂದು ತಿಳಿಯಬೇಕಾದರೆ ಆ ದಾರಿಯಲ್ಲಿ ಓಡಾಡಿದವರೇ ಬೇಕು.

ನೀರಿನ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ಮುಂದೆ ಮಂಡಿ, ಬೆನ್ನು, ಕುತ್ತಿಗೆ ಬಿಗಿದುಕೊಳ್ಳುತ್ತವೆ. ಕುದಿಸಿದರೆ ಅದು ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರತೆ ಹೆಚ್ಚುತ್ತದೆ. ಪಾವಗಡದ ಹಳ್ಳಿಗಳಲ್ಲಿ ಐವತ್ತಕ್ಕೇ ಬಗ್ಗಿದ ಬೆನ್ನುಗಳನ್ನು ನೋಡಲು ವೈದ್ಯಕೀಯ ಶಿಬಿರ ಬೇಕಿಲ್ಲ, ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಸಾಕು. ಇದಕ್ಕೆಂದೇ ಊರೂರಲ್ಲಿ ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಕೆಟ್ಟರೆ ಯಾರು ಸರಿ ಮಾಡಬೇಕು, ಒಳಗಿನ ಫಿಲ್ಟರ್ ಬದಲಿಸಲು ದುಡ್ಡು ಯಾವ ಲೆಕ್ಕದಲ್ಲಿ ಎಂಬ ಪತ್ರವ್ಯವಹಾರ ತಿಂಗಳುಗಟ್ಟಲೆ ನಡೆಯುತ್ತದೆ, ಅಷ್ಟು ದಿನ ಜನ ಮತ್ತೆ ಅದೇ ಕೊಳವೆಬಾವಿಗೆ ಮರಳುತ್ತಾರೆ. ಆ ಕಡತಕ್ಕೆ ಟಿಪ್ಪಣಿ ಬರೆಯುವವರು ಅದೇ ಘಟಕದಿಂದ ನೀರು ಹಿಡಿಯುತ್ತಿದ್ದರೆ ಅದು ಎಷ್ಟು ದಿನ ಮೇಜಿನ ಮೇಲೆ ಇರುತ್ತಿತ್ತು? ಡಿಕ್ಕಿಯಲ್ಲಿ ತುಮಕೂರಿನ ಕ್ಯಾನು ಇರುವವರೆಗೆ ಅದೊಂದು ಕಡತ ಅಷ್ಟೇ. ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರಲು ಜನ ವರ್ಷಗಟ್ಟಲೆ ಕೂಗಿದರು. ಯೋಜನೆ ಬಂದಿದೆ, ಸಂತೋಷ. ಪೈಪು ಬಂದ ಮೇಲೂ ನಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಕೊನೆಯ ಬೀದಿಗೆ ಒತ್ತಡ ಇದೆಯೇ ಎಂಬುದನ್ನು ನೋಡಬೇಕಾದವರು ಅದೇ ನಲ್ಲಿಯ ಕೆಳಗೆ ಬಿಂದಿಗೆ ಇಡುವವರಾಗಿರಬೇಕು.

ದೂರದಿಂದ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದಕ್ಕೆ ಪಾವಗಡದಲ್ಲೇ ದೇಶಕ್ಕೆಲ್ಲ ಗೊತ್ತಿರುವ ನಿದರ್ಶನ ಇದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು, ಶಕ್ತಿಸ್ಥಳ ಎಂದು ಹೆಸರಿಟ್ಟರು. ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡು ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ ಎಂದು ನಿಗದಿ ಮಾಡಿದ್ದು ಒಳ್ಳೆಯ ವ್ಯವಸ್ಥೆ. ಬರಗಾಲದಲ್ಲಿ ಬಿತ್ತಿದ ಬೀಜವೂ ಬಾರದ ನೆಲಕ್ಕೆ ಅದು ದೊಡ್ಡ ದುಡ್ಡು. ಆದರೆ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ ಆ ದುಡ್ಡು. ಅದೇ ಹೊಲಗಳಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು, ಬಿಡಿಸಿ ಬದುಕುತ್ತಿದ್ದ ಭೂಹೀನರಿಗೆ, ಅದರಲ್ಲೂ ದಲಿತ ಹೆಣ್ಣುಮಕ್ಕಳಿಗೆ, ಕೂಲಿ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಪಾರ್ಕ್ ಒಳಗೆ ಹುಲ್ಲು ಕೀಳುವ, ಪ್ಯಾನೆಲ್ ಒರೆಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಕಡತದಲ್ಲಿ ಸರ್ವೆ ನಂಬರ್ ಇರುತ್ತದೆ, ಮಾಲೀಕನ ಹೆಸರಿರುತ್ತದೆ. ಆ ಹೊಲಕ್ಕೆ ಬೆಳಿಗ್ಗೆ ಗುಂಪಾಗಿ ಬರುವ ಹತ್ತು ಹೆಂಗಸರು ಯಾವ ಕಾಲಂನಲ್ಲೂ ಇರುವುದಿಲ್ಲ. ಸುಗ್ಗಿಯ ಒಂದು ತಿಂಗಳು ತಿರುಮಣಿಯಲ್ಲಿ ಮನೆ ಮಾಡಿದ್ದವರಿಗೆ ಅವರು ಕಾಣದೆ ಇರುವುದು ಸಾಧ್ಯವೇ ಇಲ್ಲ.

ಬಸ್ಸಿನ ವಿಷಯವೂ ಅಷ್ಟೇ. 2022ರ ಮಾರ್ಚ್ 19ರ ಬೆಳಿಗ್ಗೆ ವೈ.ಎನ್. ಹೊಸಕೋಟೆ ಕಡೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಉರುಳಿತು. ತುಂಬಿ ತುಳುಕುತ್ತಿದ್ದ ಆ ಬಸ್ಸಿನಲ್ಲಿ ಕಾಲೇಜಿಗೆ ಹೊರಟ ಮಕ್ಕಳಿದ್ದರು. ಹಲವರು ಮನೆಗೆ ಮರಳಲಿಲ್ಲ. ಹೊಣೆ ಯಾರದು ಎಂಬುದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಆ ದಾರಿಯಲ್ಲಿ ಬೆಳಗಿನ ಹೊತ್ತು ಬಸ್ಸು ಎಷ್ಟು ಕಡಿಮೆ, ಮಕ್ಕಳು ಹೇಗೆ ನೇತಾಡಿಕೊಂಡು, ಟಾಪಿನ ಮೇಲೆ ಕೂತು ಬರುತ್ತಾರೆ ಎಂಬುದು ಆ ದಿನ ಹೊಸದಾಗಿ ತಿಳಿದ ಸಂಗತಿ ಆಗಿರಲಿಲ್ಲ. ದಿನವೂ ಅದೇ ದಾರಿಯ ಸ್ಟಾಪಿನಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಆ ಸ್ಟಾಪಿನಲ್ಲಿ ನಿಂತವರ ಪೈಕಿ ಒಂದು ಬಸ್ಸು ಹೆಚ್ಚು ಬಿಡಿಸುವ ಅಧಿಕಾರ ಇದ್ದವರು ಯಾರೂ ಇರಲಿಲ್ಲ.

ಎರಡನೆಯ ವಾದ ಸಂಸಾರದ್ದು. ಇದು ಗಂಭೀರವಾದ ವಾದ, ನಾನು ಇದನ್ನು ಲಘುವಾಗಿ ನೋಡುವುದಿಲ್ಲ. ಗಂಡ ಒಂದು ಇಲಾಖೆ, ಹೆಂಡತಿ ಇನ್ನೊಂದು. ಮಕ್ಕಳು ಒಳ್ಳೆಯ ಶಾಲೆಯಲ್ಲಿ ಓದುತ್ತಿದ್ದಾರೆ. ವಯಸ್ಸಾದ ತಾಯಿಗೆ ವಾರಕ್ಕೊಮ್ಮೆ ಡಯಾಲಿಸಿಸ್. ಇಂಥವರಿಗೆ ವಿನಾಯಿತಿ ಕೊಡಿ, ಪತ್ರದ ಮೇಲೆ ಕಾರಣ ಬರೆಸಿಕೊಂಡು ಕೊಡಿ. ಆದರೆ "ಇಲ್ಲಿ ಒಳ್ಳೆ ಸ್ಕೂಲ್ ಇಲ್ಲ, ಮಕ್ಕಳನ್ನು ಹೇಗೆ ತರೋದು?" ಎಂದು ಕೇಳುವ ಅಧಿಕಾರಿ ಆ ಒಂದು ಪ್ರಶ್ನೆಯಲ್ಲಿ ಈ ಊರಿನ ಸಾವಿರಾರು ಮಕ್ಕಳ ಭವಿಷ್ಯದ ಬಗ್ಗೆ ಸಾಕ್ಷಿ ನುಡಿದುಬಿಡುತ್ತಾರೆ. ಮಧುಗಿರಿಯನ್ನು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ ಮಾಡಿದ್ದು ಈ ನಾಲ್ಕು ತಾಲ್ಲೂಕಿನ ಶಾಲೆಗಳ ಮೇಲೆ ಹತ್ತಿರದಿಂದ ಕಣ್ಣಿಡಲಿ ಎಂದು. ಕಣ್ಣಿಡಬೇಕಾದವರ ಮಕ್ಕಳು ಬೇರೆ ಊರಿನಲ್ಲಿದ್ದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬರೀ ಶೇಕಡಾ ಲೆಕ್ಕವಾಗಿ ಉಳಿಯುತ್ತದೆ. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶದ ಸರ್ಕಾರಿ ನೌಕರರು, ಜನಪ್ರತಿನಿಧಿಗಳು, ನ್ಯಾಯಾಧೀಶರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೆ ಕಳಿಸಬೇಕೆಂದು ಆದೇಶಿಸಿತು. ಆದೇಶ ಕಾಗದದ ಮೇಲೇ ಉಳಿಯಿತು. ಅದಕ್ಕೂ ಮೊದಲು, 2011ರಲ್ಲಿ, ಪಕ್ಕದ ತಮಿಳುನಾಡಿನ ಈರೋಡಿನಲ್ಲಿ ಜಿಲ್ಲಾಧಿಕಾರಿಯಾಗಿದ್ದ ಆರ್. ಆನಂದಕುಮಾರ್ ಯಾರ ಆದೇಶವೂ ಇಲ್ಲದೆ ಮಗಳನ್ನು ಪಂಚಾಯಿತಿ ಯೂನಿಯನ್ ಶಾಲೆಯ ತಮಿಳು ಮಾಧ್ಯಮಕ್ಕೆ ಸೇರಿಸಿದರು. ಪತ್ರಿಕೆಗಳೆಲ್ಲ ಅದನ್ನು ದೊಡ್ಡ ಸುದ್ದಿ ಮಾಡಿದವು. ಆ ಶಾಲೆಯ ಉಳಿದ ಮಕ್ಕಳ ತಂದೆತಾಯಿಗಳು ಮಾಡುತ್ತಿದ್ದದ್ದನ್ನೇ ಒಬ್ಬ ಅಧಿಕಾರಿ ಮಾಡಿದರೆ ಅದು ಸುದ್ದಿ ಎನ್ನುವಷ್ಟರ ಮಟ್ಟಿಗೆ ನಾವು ತಲುಪಿದ್ದೇವೆ.

ಸರ್ಕಾರಗಳಿಗೆ ಇದೆಲ್ಲ ಗೊತ್ತಿಲ್ಲ ಎಂದಲ್ಲ. ಗೊತ್ತಿರುವುದರಿಂದಲೇ ಗ್ರಾಮ ವಾಸ್ತವ್ಯ ಎಂಬುದನ್ನು ಕಂಡುಹಿಡಿದರು. ಎಚ್.ಡಿ. ಕುಮಾರಸ್ವಾಮಿ ಮೊದಲ ಸಲ ಮುಖ್ಯಮಂತ್ರಿಯಾದಾಗ ಅದು ಹೆಸರಾಯಿತು. 2019ರ ಜೂನ್‌ನಲ್ಲಿ ಯಾದಗಿರಿ ಜಿಲ್ಲೆಯ ಚಂಡರಕಿಯ ಶಾಲೆಯಲ್ಲಿ ಮಲಗಿ ಅದನ್ನು ಮತ್ತೆ ಆರಂಭಿಸಿದರು. 2021ರ ಫೆಬ್ರುವರಿಯಿಂದ ತಿಂಗಳ ಮೂರನೇ ಶನಿವಾರ ಜಿಲ್ಲಾಧಿಕಾರಿಗಳ ನಡೆ ಹಳ್ಳಿಯ ಕಡೆ ಎಂಬ ಕಾರ್ಯಕ್ರಮ ಬಂತು. ಅಂಥ ದಿನಗಳಲ್ಲಿ ಕೆಲವು ಅರ್ಜಿಗಳಿಗೆ ಸ್ಥಳದಲ್ಲೇ ಪರಿಹಾರ ಸಿಕ್ಕಿದ್ದುಂಟು, ಅದರಿಂದ ಬದುಕು ನೆಟ್ಟಗಾದವರೂ ಇದ್ದಾರೆ. ಆದರೆ ಒಂದು ರಾತ್ರಿಯ ವಾಸ ಹೇಗಿರುತ್ತದೆ ಎಂದು ಹಳ್ಳಿಯವರಿಗೆ ಗೊತ್ತು. ಎರಡು ದಿನ ಮೊದಲೇ ಚರಂಡಿ ಶುದ್ಧವಾಗುತ್ತದೆ, ಬೀದಿ ದೀಪ ಹತ್ತುತ್ತದೆ, ಶೌಚಾಲಯಕ್ಕೆ ಸುಣ್ಣ ಬಳಿಯುತ್ತಾರೆ. ಬಂದವರು ನೋಡುವುದು ಆ ಊರನ್ನಲ್ಲ, ತಮಗಾಗಿ ಸಜ್ಜಾದ ಊರನ್ನು. ಹಳೆಯ ಮೈಸೂರಿನ ಅಮಲ್ದಾರರು ತಿಂಗಳಲ್ಲಿ ಎಷ್ಟೋ ದಿನ ಹಳ್ಳಿಗಳಲ್ಲಿ ಮೊಕ್ಕಾಂ ಹೂಡುತ್ತಿದ್ದರು. ಆ ಕಾಲದ ಬಿಟ್ಟಿ ಬೇಗಾರಿಯನ್ನು ಯಾರೂ ಹೊಗಳಬೇಕಿಲ್ಲ, ಆದರೆ ಅವರ ಪಾಲಿಗೆ ಹಳ್ಳಿಯಲ್ಲಿ ತಂಗುವುದು ಕಾರ್ಯಕ್ರಮವಾಗಿರಲಿಲ್ಲ, ನೌಕರಿಯೇ ಆಗಿತ್ತು. ಗ್ರಾಮ ವಾಸ್ತವ್ಯಕ್ಕೆ ಚಪ್ಪಾಳೆ ತಟ್ಟುವ ನಾವು ಮರುದಿನದಿಂದ ಉಳಿದ ಎಲ್ಲ ರಾತ್ರಿಗಳ ಬಗ್ಗೆ ಕೇಳುವುದಿಲ್ಲ.

ಮಾದರಿಯ ಹೆಸರಲ್ಲಿ ಇನ್ನೊಂದು ಸರಕೂ ಮಾರಾಟವಾಗುತ್ತಿದೆ, ಅದು ಬೆಂಗಳೂರಿನಿಂದ ಬಂದದ್ದು. 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ತಾವೇ ಅದಕ್ಕಿಂತ ಹೆಚ್ಚು ದುಡಿದವರೆಂದು ಆಮೇಲೆ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಂತು. ನಾಯಕ ಹೆಚ್ಚು ಹೊತ್ತು ದುಡಿದು ತೋರಿಸಿದರೆ ಅದೇ ಮಾದರಿ ಎಂದು ಅನೇಕರು ಒಪ್ಪಿದರು. ನನಗೆ ಒಪ್ಪಿಗೆಯಿಲ್ಲ. ಕಂಪನಿ ಕಟ್ಟಿದವರ ಗಂಟೆಗೆ ಬರುವ ಪ್ರತಿಫಲ ಬೇರೆ, ಸಂಬಳಕ್ಕೆ ದುಡಿಯುವವರ ಗಂಟೆಗೆ ಬರುವುದು ಬೇರೆ. ಅದೇ ಇನ್ಫೊಸಿಸ್ 1990ರ ದಶಕದಲ್ಲಿ ನೌಕರರಿಗೆ ಷೇರು ಹಂಚಿ ತನ್ನ ಏಳಿಗೆಯಲ್ಲಿ ಅವರನ್ನೂ ಪಾಲುದಾರರನ್ನಾಗಿ ಮಾಡಿತು. ನಾರಾಯಣಮೂರ್ತಿಯವರ ನಾಯಕತ್ವದಲ್ಲಿ ಅನುಸರಿಸಬೇಕಾದದ್ದು ಅದು. ಕೆಳಗಿನವರ ಸ್ಥಿತಿಯನ್ನು ತನ್ನ ಸ್ಥಿತಿಗೆ ಹತ್ತಿರ ತರುವುದು, ಇಲ್ಲವೇ ತಾನು ಅವರ ಸ್ಥಿತಿಗೆ ಹತ್ತಿರ ಹೋಗುವುದು: ಇವೆರಡರಲ್ಲಿ ಒಂದಾದರೂ ಇಲ್ಲದ ಶ್ರಮ ವೈಯಕ್ತಿಕ ಸಾಧನೆಯಾದೀತು, ಮಾದರಿ ಆಗದು. ದಿನಕ್ಕೆ ಐದು ಗಂಟೆ ಪ್ರಯಾಣ ಮಾಡಿ ಪಾವಗಡಕ್ಕೆ ಬಂದು ಹೋಗುವ ಅಧಿಕಾರಿಯೂ ಕಷ್ಟಪಡುತ್ತಾರೆ, ಸುಸ್ತಾಗುತ್ತಾರೆ, ಅದು ನನಗೆ ಗೊತ್ತು. ಆ ಕಷ್ಟದ ಒಂದು ಪೈಸೆಯೂ ಪಾವಗಡಕ್ಕೆ ಸಲ್ಲುವುದಿಲ್ಲ.

ಇದೇ ಊರಲ್ಲಿ ಉಳಿದು ಏನು ಮಾಡಬಹುದು ಎಂಬುದಕ್ಕೆ ಶ್ರೀ ರಾಮಕೃಷ್ಣ ಸೇವಾಶ್ರಮದ ಸ್ವಾಮಿ ಜಪಾನಂದರನ್ನು ತೋರಿಸಿದರೆ "ಅವರು ಸನ್ಯಾಸಿ, ಅವರ ಮಾತು ಬೇರೆ" ಎನ್ನುತ್ತಾರೆ. ಕುಷ್ಠರೋಗಿಗಳನ್ನು ಮುಟ್ಟಲು ಮನೆಯವರೇ ಹೆದರುತ್ತಿದ್ದಾಗ ಅವರ ಗಾಯ ತೊಳೆದು, ಕ್ಷಯರೋಗಿಗಳಿಗೆ ಔಷಧ ಮುಟ್ಟಿಸಿ, ಕಣ್ಣಿನ ಆಸ್ಪತ್ರೆ ಕಟ್ಟಿ, ಬರದ ವರ್ಷಗಳಲ್ಲಿ ದನಕ್ಕೆ ಮೇವು ಹಂಚಿದ್ದು ಕಾವಿ ಬಟ್ಟೆಯಿಂದ ಆದದ್ದಲ್ಲ, ಇಲ್ಲಿಯೇ ಇದ್ದದ್ದರಿಂದ ಆದದ್ದು. ಸರಿ, ಸನ್ಯಾಸಿ ಬೇಡವೆಂದರೆ ಒಬ್ಬ ವೈದ್ಯರನ್ನೇ ತೆಗೆದುಕೊಳ್ಳಿ. ಡಾ. ಎಚ್. ಸುದರ್ಶನ್ 1980ರ ಸುಮಾರಿಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಗುಡಿಸಲಿನಲ್ಲಿ ಚಿಕಿತ್ಸೆ ಶುರು ಮಾಡಿದರು, ಸೋಲಿಗರ ನಡುವೆಯೇ ಉಳಿದರು. ಆ ಅನುಭವದ ಮೇಲೆ ಕಟ್ಟಿದ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಅದೇ ಸರ್ಕಾರಿ ಕಟ್ಟಡ, ಅದೇ ಊರಿನ ಜನ. ಮುಂದೆ ದೇಶದ ಬೇರೆ ಬೇರೆ ರಾಜ್ಯಗಳ ಆರೋಗ್ಯ ಕೇಂದ್ರಗಳನ್ನು ಅವರ ಕೈಗೆ ಕೊಟ್ಟರು. ಬೆಟ್ಟದ ಮೇಲೆ ತಾನು ಇದ್ದು ತೋರಿಸಿದ ವೈದ್ಯ "ನೀವೂ ಕೇಂದ್ರದಲ್ಲೇ ಇರಿ" ಎಂದಾಗ ಕಿರಿಯರಿಗೆ ಅದು ಸುತ್ತೋಲೆಯಂತೆ ಕೇಳಿಸುವುದಿಲ್ಲ.

ಸರ್ಕಾರ ತನ್ನ ಪಾಲಿನ ತಪ್ಪನ್ನೂ ತಿದ್ದಿಕೊಳ್ಳಬೇಕು. 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ವೇತನ ಆಯೋಗದ ಲೆಕ್ಕದಲ್ಲಿ ದೊಡ್ಡ ನಗರದ ನೌಕರನಿಗೆ ಮನೆ ಬಾಡಿಗೆ ಭತ್ಯೆ ಮೂಲವೇತನದ ಶೇ 20, ಪಾವಗಡದಂಥ ಊರಿನವನಿಗೆ ಶೇ 7.5. ಬಾಡಿಗೆ ಕಡಿಮೆ ಎಂಬುದು ಇದರ ತರ್ಕ. ನೀರು, ಶಾಲೆ, ಆಸ್ಪತ್ರೆ ಕಡಿಮೆ ಇರುವಲ್ಲಿ ಉಳಿಯುವುದಕ್ಕೆ ಒಂದು ಭತ್ಯೆ ಬೇಕು ಎಂಬುದು ಆ ತರ್ಕದಲ್ಲಿ ಇಲ್ಲ. ಇಲ್ಲಿ ನಿಜವಾಗಿ ವಾಸಿಸುವವರಿಗೆ ಹೆಚ್ಚು ಕೊಡಿ. ಮನೆ ತುಮಕೂರಿನಲ್ಲಿಟ್ಟು ಇಲ್ಲಿನ ಭತ್ಯೆ ಪಡೆಯುವವರಿಂದ ಅದನ್ನು ವಾಪಸು ಪಡೆಯಿರಿ. ಸೋರುವ ವಸತಿಗೃಹಗಳನ್ನು ರಿಪೇರಿ ಮಾಡಿಸಿ, ಮೊದಲು ತಾಲ್ಲೂಕು ಮಟ್ಟದ ಮುಖ್ಯಸ್ಥರಿಗೇ ಹಂಚಿ. ಮುಖ್ಯಸ್ಥರು ಇದ್ದರೆ ಉಳಿದವರಿಗೆ ಹೇಳಬೇಕಾಗುವುದಿಲ್ಲ.

ಇದಕ್ಕೆ ಕೊನೆಯದಾಗಿ ಬರುವ ಆಕ್ಷೇಪ: "ಹಾಗೆ ಕಡ್ಡಾಯ ಮಾಡಿದರೆ ಪಾವಗಡಕ್ಕೆ ಯಾರೂ ಬರುವುದೇ ಇಲ್ಲ." ಬಾರದಿದ್ದರೆ ಬಾರದೇ ಇರಲಿ. ಖಾಲಿ ಹುದ್ದೆ ಖಾಲಿ ಎಂದು ದಾಖಲಾಗುತ್ತದೆ. ಅದರ ಬಗ್ಗೆ ಶಾಸಕರು ಸದನದಲ್ಲಿ ಪ್ರಶ್ನೆ ಕೇಳಬಹುದು, ಜನ ರಸ್ತೆಗಿಳಿಯಬಹುದು, ಆ ಹುದ್ದೆಗೆ ಈ ಕಡೆಯ ಹುಡುಗ ಹುಡುಗಿಯರನ್ನೇ ತಯಾರು ಮಾಡುವ ಮಾತಾದರೂ ಶುರುವಾಗಬಹುದು. ದಿನಕ್ಕೆ ಮೂರು ಗಂಟೆ ಕೂತು ಹೋಗುವವರಿಂದ ತುಂಬಿದ ಹುದ್ದೆಯ ಬಗ್ಗೆ ಏನು ಕೇಳಿದರೂ ಸರ್ಕಾರದಿಂದ ಬರುವ ಉತ್ತರ ಒಂದೇ: ಹುದ್ದೆ ಭರ್ತಿಯಾಗಿದೆ. ಹಾಗಾಗಿ ಮೊದಲು ಆ ಉತ್ತರವನ್ನೇ ಪರೀಕ್ಷೆಗೆ ಒಡ್ಡಬೇಕು. ತಾಲ್ಲೂಕಿನ ಪ್ರತಿ ಕಚೇರಿಯ ಮುಂದೆ, ಅಧಿಕಾರಿಗಳ ಹೆಸರು ಬರೆದಿರುವ ಅದೇ ಬೋರ್ಡಿನಲ್ಲಿ, ಅವರು ಪಾವಗಡದಲ್ಲಿ ಯಾವ ಬೀದಿಯಲ್ಲಿ ವಾಸವಾಗಿದ್ದಾರೆ ಎಂಬ ಒಂದು ಸಾಲು ಇನ್ನು ಮುಂದೆ ಇರಲಿ. ಬೀದಿ ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಲಿ, ಜನ ಓದಿಕೊಳ್ಳುತ್ತಾರೆ.